ಹಲವು ಕಸುಬು, ಒಂದೇ ಹುಡುಕಾಟ



ಮನೆಯ ಹಿರಿಯರೊಬ್ಬರು ತೀರಿಕೊಂಡು ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ, ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಪ್ರಕಟಿಸುವ ಮಾತು ಬರುತ್ತದೆ. ಫೋಟೋ ಹುಡುಕುವುದು ಕಷ್ಟವಲ್ಲ. ಫೋಟೋದ ಕೆಳಗೆ ಹೆಸರು, ಹೆಸರಿನ ಕೆಳಗೆ ಒಂದು ಸಾಲು ಬರೆಯಬೇಕಲ್ಲ, ಕಷ್ಟವಾಗುವುದು ಅಲ್ಲಿ. ಮೇಷ್ಟರಾಗಿದ್ದವರಿಗೆ ‘ನಿವೃತ್ತ ಶಿಕ್ಷಕರು’ ಎಂದರೆ ಆಯಿತು. ಬ್ಯಾಂಕಿನಲ್ಲಿದ್ದವರಿಗೆ ‘ನಿವೃತ್ತ ವ್ಯವಸ್ಥಾಪಕರು’. ಆದರೆ ಕೆಲವರು ಬದುಕಿದ್ದಾಗ ಹತ್ತು ಕೆಲಸ ಮಾಡಿರುತ್ತಾರೆ. ಹೊಟ್ಟೆಪಾಡಿಗೆ ಒಂದು, ಮನಸ್ಸಿನ ಸಂತೋಷಕ್ಕೆ ಇನ್ನೊಂದು, ಊರಿನವರ ಪಾಲಿಗೆ ಮತ್ತೊಂದು. ಅಂಥವರ ಹೆಸರಿನ ಕೆಳಗೆ ಯಾವ ಸಾಲು ಬರೆದರೂ ಮನೆಯವರಿಗೆ ಸಮಾಧಾನವಾಗುವುದಿಲ್ಲ. ‘ಇಷ್ಟೇ ಅಲ್ಲವಲ್ಲ ಅವರು’ ಎಂದು ಒಳಗೇ ಕೊರಗುತ್ತದೆ.

ಇಂಥ ಮನುಷ್ಯರನ್ನು ನೆನೆಯುವುದು ಹೇಗೆ? ಈ ಪ್ರಶ್ನೆಗೆ ಕನ್ನಡದಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಅದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರದು.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತೀರಿಕೊಂಡಿದ್ದು 2007ರ ಏಪ್ರಿಲ್ 5ರಂದು, ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆಯ ತಮ್ಮ ಮನೆಯಲ್ಲಿ, ಹೃದಯಾಘಾತದಿಂದ. ಆಗ ಅವರಿಗೆ 68 ವರ್ಷ. ಈ ಎರಡು ತಾರೀಖುಗಳ ನಡುವೆ ಅವರು ಮಾಡಿದ ಕೆಲಸಗಳನ್ನು ಎಣಿಸತೊಡಗಿದರೆ ಬೆರಳು ಸಾಲುವುದಿಲ್ಲ. ಕಾಫಿ ತೋಟ ಮಾಡಿದರು. ಕತೆ, ಕಾದಂಬರಿ ಬರೆದರು. ಸಿತಾರ್ ನುಡಿಸಿದರು, ಚಿತ್ರ ಬಿಡಿಸಿದರು. ಹಕ್ಕಿಗಳ ಫೋಟೋ ತೆಗೆದರು. ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕೂತರು. ಸ್ವಂತ ಪ್ರಕಾಶನ ನಡೆಸಿದರು. ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳನ್ನು ಕನ್ನಡಕ್ಕೆ ತಂದರು. ಕೊನೆಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಿ ನಡೆಯಬೇಕೆಂದು ತಲೆ ಕೆಡಿಸಿಕೊಂಡರು.

ಪಟ್ಟಿ ದೊಡ್ಡದಾಯಿತು. ಇಷ್ಟಾದರೂ ಈ ಪಟ್ಟಿ ಓದಿದವರಿಗೆ ಆ ಮನುಷ್ಯ ಕಣ್ಣಿಗೆ ಕಟ್ಟುತ್ತಾರೆಯೇ? ಇಲ್ಲ. ‘ಬಹುಮುಖ ಪ್ರತಿಭೆ’ ಎಂಬ ಒಂದು ಮಾತು ಎಲ್ಲ ಸನ್ಮಾನ ಪತ್ರಗಳಲ್ಲೂ ಸಿದ್ಧವಾಗಿರುತ್ತದೆ. ಆ ಮಾತು ಹಚ್ಚಿದ ಕೂಡಲೇ ಯಾರ ಮುಖವಾದರೂ ಒಂದೇ ಥರ ಕಾಣತೊಡಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಈ ಹತ್ತು ಕೆಲಸಗಳ ಬುಡದಲ್ಲಿ ಯಾವುದಾದರೂ ಒಂದು ಅಭ್ಯಾಸ ಇತ್ತೇ? ಇದ್ದರೆ ಅದು ಯಾವುದು?

ಮೊದಲು ಅವರು ಬಿಟ್ಟುಬಂದದ್ದನ್ನು ನೋಡೋಣ. ತೇಜಸ್ವಿ ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ. ತಂದೆ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಮಾನಸಗಂಗೋತ್ರಿಯನ್ನು ಕಟ್ಟಿದವರು. ಮಗ ಓದಿದ್ದು ಮಹಾರಾಜ ಕಾಲೇಜಿನಲ್ಲಿ, ಪಡೆದದ್ದು ಕನ್ನಡ ಎಂ.ಎ. ಅರವತ್ತರ ದಶಕದಲ್ಲಿ ಅಂಥ ಮನೆತನದ, ಅಂಥ ಓದಿನ ಹುಡುಗನಿಗೆ ಕಾಲೇಜಿನ ಮೇಷ್ಟರಾಗುವುದು ಕೂತಲ್ಲಿಗೇ ಬರುವ ದಾರಿಯಾಗಿತ್ತು. ಆ ದಾರಿ ಬಿಟ್ಟು ತೇಜಸ್ವಿ ಮೂಡಿಗೆರೆಯ ಕಾಡಿನ ಮಗ್ಗುಲಿಗೆ ಹೋಗಿ ಕೃಷಿ ಹಿಡಿದರು. ಮೊದಲು ಮಾಡಿದ ತೋಟದ ಹೆಸರು ‘ಚಿತ್ರಕೂಟ’. ಆಮೇಲೆ ಮೂಡಿಗೆರೆಯ ಹತ್ತಿರ ನೆಲೆಸಿದ ಮನೆಯ ಹೆಸರು ‘ನಿರುತ್ತರ’.

ಪೇಟೆಯಿಂದ ನೋಡುವವರಿಗೆ ಕಾಫಿ ತೋಟ ಎಂದರೆ ಹಸಿರು, ಮಂಜು, ಬೆಚ್ಚಗಿನ ಲೋಟ. ಬೆಳೆಗಾರನ ಲೆಕ್ಕ ಬೇರೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಹದವಾಗಿ ಬೀಳಬೇಕು. ಅದಾಗಿ ಕೆಲವು ವಾರಕ್ಕೆ ಇನ್ನೊಂದು ಮಳೆ ಬಂದರೆ ಹೂವು ಕಾಯಿ ಕಚ್ಚುತ್ತದೆ. ಅದು ತಪ್ಪಿದರೆ ಇಡೀ ವರ್ಷದ ಫಸಲು ತಪ್ಪಿದಂತೆ. ಆಮೇಲೆ ತಿಂಗಳುಗಟ್ಟಲೆ ಹಿಡಿದ ಮುಂಗಾರು. ಗಿಡಕ್ಕೆ ಕಾಂಡ ಕೊರಕ ಬಿದ್ದಿದೆಯೇ, ಮೆಣಸಿನ ಬಳ್ಳಿ ಸೊರಗುತ್ತಿದೆಯೇ, ಕೊಳೆರೋಗ ಬಂದಿದೆಯೇ ಎಂದು ಒಂದೊಂದು ಗಿಡದ ಹತ್ತಿರವೂ ನಿಂತು ನೋಡಬೇಕು. ಚಳಿಗಾಲದಲ್ಲಿ ಕೊಯ್ಲು, ಕಣದಲ್ಲಿ ಒಣಗಿಸುವ ಕೆಲಸ. ಅಷ್ಟೆಲ್ಲ ಮಾಡಿದ ಮೇಲೂ ಬೆಳೆದವನಿಗೆ ತನ್ನ ಕಾಫಿಯನ್ನು ಬೇಕಾದವರಿಗೆ ಮಾರುವ ಹಕ್ಕು ಇರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಅದನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು, ಹಣ ಕಂತು ಕಂತಾಗಿ ಬರಬೇಕು. ಈ ಕಟ್ಟು ಸಡಿಲವಾಗತೊಡಗಿದ್ದು 1992ರ ನಂತರ, ಪೂರ್ತಿ ಹೋದದ್ದು 1996ರಲ್ಲಿ. ತೇಜಸ್ವಿ ತೋಟ ಮಾಡಿದ ಬಹುಪಾಲು ವರ್ಷಗಳು ಆ ಪೂಲಿನ ಕಾಲದವೇ.

ಕೃಷಿ ಒಬ್ಬ ಮನುಷ್ಯನಿಗೆ ಕಲಿಸುವ ಮೊದಲ ಪಾಠವೆಂದರೆ ನೋಡುತ್ತಾ ನಿಲ್ಲುವುದು. ಆಕಾಶ ನೋಡಬೇಕು, ಎಲೆಯ ಅಡಿ ನೋಡಬೇಕು, ಇರುವೆಯ ಸಾಲು ಎತ್ತ ಹೊರಟಿದೆ ಎಂದು ನೋಡಬೇಕು. ತೇಜಸ್ವಿಯವರ ಎಲ್ಲ ಕೆಲಸಗಳ ಬುಡದಲ್ಲಿದ್ದ ಅಭ್ಯಾಸ ಇದೇ ಎಂದರೆ ತಪ್ಪಾಗಲಾರದು. ಉಪಕರಣ ಬದಲಾಗುತ್ತಿತ್ತು. ಒಮ್ಮೆ ಪೆನ್ನು, ಒಮ್ಮೆ ಕ್ಯಾಮೆರಾ, ಒಮ್ಮೆ ಗಾಳದ ಕೋಲು. ಸುತ್ತಲಿನ ಜಗತ್ತನ್ನು ಎವೆಯಿಕ್ಕದೆ ನೋಡುವ ಕಣ್ಣು ಮಾತ್ರ ಒಂದೇ.

1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕತೆ ಹೇಳುವವನು ಕೃಷಿಯಿಂದ ಬೇಸತ್ತ ಒಬ್ಬ ರೈತ. ಕರ್ವಾಲೊ ಒಬ್ಬ ವಿಜ್ಞಾನಿ. ಆದರೆ ಇಬ್ಬರಿಗೂ ದಾರಿ ತೋರಿಸುವವನು ಮಂದಣ್ಣ, ಜೇನು ಹಿಡಿಯುವ ಹಳ್ಳಿಯ ಹುಡುಗ. ಊರಿನವರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದವನು. ಹಾರುವ ಓತಿಯನ್ನು ಕಣ್ಣಾರೆ ಕಂಡವನು ಅವನೇ. ಎಷ್ಟೋ ಜನ ಓದುಗರು ಹಾರುವ ಓತಿ ಎನ್ನುವುದು ಲೇಖಕರ ಕಲ್ಪನೆ ಎಂದುಕೊಳ್ಳುತ್ತಾರೆ. ಅದು ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ನಿಜವಾಗಿ ಇರುವ ಜೀವಿ. ಅದರ ಕೆಲವು ಪಕ್ಕೆಲುಬುಗಳು ಎರಡೂ ಮಗ್ಗುಲಿಗೆ ಉದ್ದವಾಗಿ ಬೆಳೆದಿರುತ್ತವೆ. ಅವುಗಳನ್ನು ಅಗಲಿಸಿದರೆ ಮೇಲಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿಯಲು ಅದಕ್ಕೆ ಆಗದು. ಮೇಲಿನಿಂದ ಜಿಗಿದು, ತೇಲುತ್ತಾ, ದೂರದ ಇನ್ನೊಂದು ಮರಕ್ಕೆ ಹೋಗಿ ಕೂರುತ್ತದೆ. ಮರದ ತೊಗಟೆಯ ಬಣ್ಣವೇ ಅದರ ಮೈಬಣ್ಣ. ಆದ್ದರಿಂದ ಹತ್ತು ಸಲ ಆ ಮರದ ಕೆಳಗೆ ಓಡಾಡಿದವರಿಗೂ ಅದು ಕಾಣುವುದಿಲ್ಲ. ಮಂದಣ್ಣನ ಕಣ್ಣಿಗೆ ಕಂಡಿತು. ಓದು ಬರಹ ಕಡಿಮೆಯಿದ್ದರೂ ನೋಡುವುದನ್ನು ಬಲ್ಲವನು ವಿಜ್ಞಾನಿಯ ಸಮಕ್ಕೆ ನಿಲ್ಲಬಲ್ಲ ಎಂಬುದು ಆ ಕಾದಂಬರಿಯ ದೊಡ್ಡ ನಂಬಿಕೆ.

ಫೋಟೋಗ್ರಫಿಯೂ ಅಷ್ಟೇ. ಅವರು ಹಕ್ಕಿಗಳ ಹಿಂದೆ ಬಿದ್ದದ್ದು ಫಿಲ್ಮ್ ರೋಲಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ. ತೆಗೆದ ಚಿತ್ರ ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂಬುದು ರೋಲು ತೊಳೆಸುವವರೆಗೆ ಗೊತ್ತಾಗದು. ಕೆಟ್ಟರೆ ದುಡ್ಡು ದಂಡ. ಹಕ್ಕಿಯೋ ಎಲೆ ಅಲುಗಿದರೂ ಹಾರಿಹೋಗುವ ಜೀವ. ಆದ್ದರಿಂದ ಅದರ ಗೂಡು ಎಲ್ಲಿ, ಅದು ಯಾವ ಹೊತ್ತಿಗೆ ಬರುತ್ತದೆ, ಯಾವ ಕೊಂಬೆಯ ಮೇಲೆ ಕೂರುತ್ತದೆ ಎಂಬುದನ್ನೆಲ್ಲ ಮೊದಲೇ ತಿಳಿದುಕೊಂಡು, ಮರೆಯಲ್ಲಿ ಉಸಿರು ಬಿಗಿಹಿಡಿದು ಕಾಯಬೇಕು. ಆ ಕಾಯುವಿಕೆಯ ಫಲವಾಗಿ ‘ಮಾಯೆಯ ಮುಖಗಳು’ ಎಂಬ ಛಾಯಾಚಿತ್ರಗಳ ಪುಸ್ತಕ ಬಂತು. ‘ಕನ್ನಡ ನಾಡಿನ ಹಕ್ಕಿಗಳು’ ಬಂತು. ಹಕ್ಕಿಗಳ ವಿಷಯವೆಂದರೆ ಇಂಗ್ಲಿಷ್ ಪುಸ್ತಕವೇ ಗತಿ ಎಂದುಕೊಂಡಿದ್ದ ಹಳ್ಳಿಯ ಹುಡುಗರ ಕೈಗೆ ಕನ್ನಡದ ಪುಸ್ತಕ ಸಿಕ್ಕಿತು.

ಗಾಳ ಹಾಕುವವನೂ ಕಾಯುವವನೇ. ಸಿತಾರ್ ನುಡಿಸುವವನು ನುಡಿಸುವ ಮೊದಲು ಶ್ರುತಿ ಮಾಡಬೇಕು. ಸಿತಾರಿನಲ್ಲಿ ಮೀಟುವ ತಂತಿಗಳ ಕೆಳಗೆ ಇನ್ನೊಂದು ಸಾಲು ತಂತಿಗಳಿರುತ್ತವೆ. ಮೇಲಿನ ತಂತಿ ಮೀಟಿದಾಗ, ಸ್ವರ ಸರಿಹೊಂದಿದರೆ, ಆ ಕೆಳಗಿನ ತಂತಿಗಳು ಕೈ ತಾಗದೆಯೇ ಮಿಡಿಯುತ್ತವೆ. ಅದನ್ನು ಕೇಳಿಸಿಕೊಳ್ಳಲು ತಾಳ್ಮೆಯಿರುವ ಕಿವಿ ಬೇಕು. ಇವುಗಳನ್ನೆಲ್ಲ ‘ಹವ್ಯಾಸ’ ಎಂಬ ಕಪಾಟಿನಲ್ಲಿಟ್ಟು, ಕತೆ ಕಾದಂಬರಿಗಳನ್ನು ಮಾತ್ರ ‘ಸಾಧನೆ’ ಎಂಬ ಕಪಾಟಿನಲ್ಲಿಡುವುದು ಹೊರಗಿನವರ ಅನುಕೂಲಕ್ಕೆ ಮಾಡಿಕೊಂಡ ವಿಂಗಡಣೆ. ಆ ಕಾಯುವ, ಕೇಳಿಸಿಕೊಳ್ಳುವ ಅಭ್ಯಾಸವಿಲ್ಲದಿದ್ದರೆ ಆ ಕತೆಗಳೂ ಬರುತ್ತಿರಲಿಲ್ಲ.

ಹಾಗೆಂದು ಅವರ ಕಣ್ಣು ಹಕ್ಕಿ, ಓತಿಗಳ ಮೇಲಷ್ಟೇ ಇತ್ತೆಂದು ತಿಳಿಯಬಾರದು. ತಬರ ಎಂಬ ಮುದುಕನ ಕತೆ ಎಲ್ಲರಿಗೂ ಗೊತ್ತಿರುವಂಥದು. ಸರ್ಕಾರಿ ಚಾಕರಿ ಮಾಡಿ ನಿವೃತ್ತನಾದ ಅವನಿಗೆ ಪೆನ್ಷನ್ ಬರಬೇಕು. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಕಚೇರಿಯಿಂದ ಕಚೇರಿಗೆ ಅಲೆದರೂ ಕಾಗದ ಮುಂದೆ ಹೋಗುವುದಿಲ್ಲ. ಮರದ ಮೇಲಿನ ಓತಿ ಹೇಗೆ ಕಣ್ಣಿಗೆ ಬೀಳುವುದಿಲ್ಲವೋ, ಕಚೇರಿಯ ವರಾಂಡದಲ್ಲಿ ಕೂತ ತಬರನೂ ಹಾಗೆಯೇ ಯಾರ ಕಣ್ಣಿಗೂ ಬೀಳುವುದಿಲ್ಲ. ಗಿರೀಶ್ ಕಾಸರವಳ್ಳಿಯವರು ಈ ಕತೆಯನ್ನು ಸಿನಿಮಾ ಮಾಡಿದರು. ಅದಕ್ಕೆ 1986ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಸಂಕಲನದ ನಾಲ್ಕು ಕತೆಗಳು ಸಿನಿಮಾ ಆದವು. 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’, ಆಮೇಲೆ ‘ತಬರನ ಕಥೆ’, ತೊಂಬತ್ತರ ದಶಕದಲ್ಲಿ ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’. ಕೊನೆಯದಕ್ಕೆ ತೇಜಸ್ವಿಯವರ ಓದುಗರೇ ಹಣ ಹಾಕಿದರು ಎಂಬುದು ಗಮನಿಸಬೇಕಾದ ಸಂಗತಿ.

1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲೂ ಇದೇ ನೋಟವಿದೆ. ಏಲಕ್ಕಿ ಫಸಲು ಯಾಕೆ ಕುಸಿಯುತ್ತಿದೆ ಎಂಬ ತನಿಖೆಯಿಂದ ಶುರುವಾಗುವ ಕಾದಂಬರಿ ನೋಡನೋಡುತ್ತಿದ್ದಂತೆ ಒಂದು ಊರಿನ ಜಾತಿ, ಮತ, ದುರಾಸೆಗಳ ಕತೆಯಾಗುತ್ತದೆ. ಗಿಡದ ರೋಗವನ್ನೂ ಊರಿನ ರೋಗವನ್ನೂ ಒಟ್ಟಿಗೆ ನೋಡಲು ಬೆಳೆಗಾರನೂ ಬರಹಗಾರನೂ ಒಬ್ಬನೇ ಆಗಿರಬೇಕಾಯಿತು.

ಇಷ್ಟು ಸಾರ್ವಜನಿಕವಾಗಿ ಗೊತ್ತಿರುವ ತೇಜಸ್ವಿ. ಮನೆಯವರ ನೆನಪಿನ ಮಾತಿಗೆ ಬರೋಣ.

ವಿಶೇಷವೆಂದರೆ ಪ್ರೀತಿಪಾತ್ರರನ್ನು ಹೇಗೆ ನೆನೆಯಬೇಕೆಂದು ತೇಜಸ್ವಿಯವರೇ ಮೊದಲು ತೋರಿಸಿದ್ದರು. ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡರು. ಆ ಬಳಿಕ ಮಗನಿಂದ ‘ಅಣ್ಣನ ನೆನಪು’ ಎಂಬ ಪುಸ್ತಕ ಬಂತು. ಹಳೆಯ ಮೈಸೂರಿನ, ಮಲೆನಾಡಿನ ಅನೇಕ ಮನೆಗಳಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವ ರೂಢಿಯಿದೆ. ಉದಯರವಿಯಲ್ಲೂ ಹಾಗೆಯೇ. ಆ ಒಂದು ಸಂಬೋಧನೆಯಲ್ಲೇ ಪುಸ್ತಕದ ದಾರಿ ನಿರ್ಧಾರವಾಗಿಬಿಟ್ಟಿದೆ. ರಾಷ್ಟ್ರಕವಿ, ಜ್ಞಾನಪೀಠ, ಕುಲಪತಿ ಪದವಿ, ಇವೆಲ್ಲ ಊರಿಗೆ ಗೊತ್ತಿದ್ದ ಸಂಗತಿಗಳು. ಮಗ ಬರೆದದ್ದು ಮನೆಯ ಕಾರಿನ ಬಗ್ಗೆ, ನಾಯಿಗಳ ಬಗ್ಗೆ, ತನ್ನ ಓದಿನ ಅವಾಂತರಗಳ ಬಗ್ಗೆ, ಅವನ್ನೆಲ್ಲ ಸಹಿಸಿಕೊಂಡ ಒಬ್ಬ ಅಪ್ಪನ ಬಗ್ಗೆ. ದೊಡ್ಡವರ ದೊಡ್ಡತನವನ್ನು ಹೊಗಳದೆಯೇ ತೋರಿಸಬಹುದು ಎಂಬುದಕ್ಕೆ ಆ ಪುಸ್ತಕ ಸಾಕ್ಷಿ. ಓದಿ ಮುಗಿಸಿದವರಿಗೆ ಕುವೆಂಪು ಸಣ್ಣವರಾಗಿ ಕಾಣುವುದಿಲ್ಲ, ಹತ್ತಿರದವರಾಗಿ ಕಾಣುತ್ತಾರೆ.

ತೇಜಸ್ವಿ ತೀರಿಕೊಂಡಾಗ ಅದೇ ಸಾಲ ತೀರಿಸುವ ಸರದಿ ಅವರ ಪತ್ನಿ ರಾಜೇಶ್ವರಿಯವರಿಗೆ ಬಂತು. ಅವರು ಬರೆದ ಪುಸ್ತಕದ ಹೆಸರು ‘ನನ್ನ ತೇಜಸ್ವಿ’. ಹೆಸರಿನಲ್ಲಿರುವ ‘ನನ್ನ’ ಎಂಬ ಮಾತು ಮುಖ್ಯ. ನಾಡಿಗೆ ಗೊತ್ತಿದ್ದ ತೇಜಸ್ವಿ ಒಬ್ಬರು, ಒಲೆಯ ಮುಂದೆ, ಅಂಗಳದಲ್ಲಿ, ಸ್ಕೂಟರಿನ ಮೇಲೆ ಕಂಡ ತೇಜಸ್ವಿ ಇನ್ನೊಬ್ಬರು. ಇಬ್ಬರ ಮದುವೆ 1966ರಲ್ಲಿ ಆಯಿತು. ಪುರೋಹಿತರಿಲ್ಲದೆ, ವರದಕ್ಷಿಣೆ, ದುಂದುವೆಚ್ಚಗಳಿಲ್ಲದೆ, ವಧೂವರರು ಅರ್ಥ ತಿಳಿದು ಪ್ರತಿಜ್ಞೆ ಮಾಡುವ ಸರಳ ವಿಧಾನವದು. ಕುವೆಂಪು ರೂಪಿಸಿದ ‘ಮಂತ್ರಮಾಂಗಲ್ಯ’ ಎಂಬ ಈ ವಿಧಾನದಲ್ಲಿ ಇಂದಿಗೂ ಅನೇಕ ಮದುವೆಗಳು ನಡೆಯುತ್ತಿವೆ.

ಹತ್ತು ಕಡೆ ಮನಸ್ಸಿರುವ ಮನುಷ್ಯನ ಜತೆ ಸಂಸಾರ ಮಾಡುವುದು ಹೊರಗಿನಿಂದ ಕಂಡಷ್ಟು ಸೊಗಸಿನದಲ್ಲ. ಯಜಮಾನರು ಹಕ್ಕಿಯ ಬೆನ್ನು ಹತ್ತಿದಾಗ ಮನೆಯಲ್ಲಿ ಹಾಲು ಉಕ್ಕುತ್ತದೆ, ಆಳುಗಳು ಬರುತ್ತಾರೆ, ನೆಂಟರು ಬರುತ್ತಾರೆ, ಮಕ್ಕಳು ಶಾಲೆಗೆ ಹೋಗಬೇಕು. ಕಾಡಿನ ಮಗ್ಗುಲಿನ ಒಂಟಿ ಮನೆಯಲ್ಲಿ, ಮುಗಿಯದ ಮಳೆಯಲ್ಲಿ, ಈ ಎಲ್ಲವನ್ನೂ ಯಾರೋ ಒಬ್ಬರು ಹಿಡಿದು ನಿಲ್ಲಿಸಿರಬೇಕಲ್ಲವೇ? ಬಹುಮುಖ ಪ್ರತಿಭೆಯ ಬಗ್ಗೆ ಭಾಷಣ ಮಾಡುವಾಗ ಈ ಕೈಗಳನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ‘ನನ್ನ ತೇಜಸ್ವಿ’ ಓದಿದವರು ಮರೆಯಲಾರರು. ಅಲ್ಲಿ ತೋಟ ಕಟ್ಟಿದ ಕಷ್ಟವಿದೆ, ಅಡುಗೆಮನೆಯಿದೆ, ಅತಿಥಿಗಳಿದ್ದಾರೆ, ನಡುವೆ ಗಂಡನ ಮೇಲಿನ ಪ್ರೀತಿಯೂ ಇದೆ. ತೇಜಸ್ವಿಯವರನ್ನು ನೆನೆಯುತ್ತಲೇ ಅವರು ತಾವು ಬದುಕಿದ ಬದುಕನ್ನೂ ದಾಖಲಿಸಿದರು. 2021ರ ಡಿಸೆಂಬರ್‌ನಲ್ಲಿ ರಾಜೇಶ್ವರಿಯವರೂ ತೀರಿಕೊಂಡರು. ಅವರು ಬರೆಯದೆ ಹೋಗಿದ್ದರೆ ಆ ಮನೆಯ ಒಳಗಿನ ಕತೆ ಅವರ ಜತೆಗೇ ಹೋಗುತ್ತಿತ್ತು. ನೆನಪಿನ ವಿಷಯದಲ್ಲಿ ಆತಂಕ ಹುಟ್ಟಿಸುವ ಸತ್ಯ ಇದು. ನೆನೆಯುವವರೂ ಒಂದು ದಿನ ಇಲ್ಲವಾಗುತ್ತಾರೆ. ಆಗ ಉಳಿಯುವುದು ಅವರು ಬರೆದಿಟ್ಟದ್ದು, ಹೇಳಿದ್ದು ಮಾತ್ರ.

ಸರ್ಕಾರ, ಸಂಸ್ಥೆಗಳು ಮಾಡುವ ನೆನಪಿನ ಕೆಲಸಕ್ಕೂ ಅದರದೇ ಬೆಲೆಯಿದೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಚಾರ್ಮಾಡಿ ಘಾಟಿಯ ದಾರಿಯಲ್ಲಿ ಹೋಗುವವರು ಅಲ್ಲಿ ಇಳಿದು ನೋಡಿ ಹೋಗುತ್ತಾರೆ. ಆದರೆ ಕಟ್ಟಡ, ಪ್ರತಿಮೆ, ಫಲಕಗಳಿಗೆ ಒಂದು ಮಿತಿಯಿದೆ. ಅವು ‘ಇವರು ಏನಾಗಿದ್ದರು’ ಎಂದು ಹೇಳಬಲ್ಲವು. ‘ಇವರು ಏನನ್ನು ನೋಡುತ್ತಿದ್ದರು, ಹೇಗೆ ನೋಡುತ್ತಿದ್ದರು’ ಎಂದು ಹೇಳಬೇಕಾದರೆ ಹತ್ತಿರ ಇದ್ದವರೇ ಬಾಯಿ ಬಿಡಬೇಕು.

ಎಲ್ಲರ ಮನೆಯಲ್ಲೂ ತೇಜಸ್ವಿ ಇರುವುದಿಲ್ಲ, ನಿಜ. ಆದರೆ ಎಲ್ಲ ಬೀದಿಯಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಹಗಲು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ರಾತ್ರಿ ಯಕ್ಷಗಾನಕ್ಕೆ ಬಣ್ಣ ಹಚ್ಚಿಕೊಂಡವರು. ಗಿರಣಿ, ಅಂಗಡಿ, ಗುಮಾಸ್ತಿಕೆ ಎಂದು ಮೂರು ಕಸುಬು ಬದಲಿಸಿದರೂ ಹಾರ್ಮೋನಿಯಂ ಮಾತ್ರ ಬಿಡದವರು. ಅಡುಗೆಮನೆಯ ಕೆಲಸದ ನಡುವೆಯೇ ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡ ಅಜ್ಜಿಯಂದಿರು. ಇವರು ಹೋದ ಮೇಲೆ ಹಾರ್ಮೋನಿಯಂ ಅಟ್ಟ ಸೇರುತ್ತದೆ, ಹಾಡಿನ ಪುಸ್ತಕ ರದ್ದಿಗೆ ಹೋಗುತ್ತದೆ. ಅವರ ‘ಮುಖ್ಯ ಕಸುಬು’ ಮಾತ್ರ ಮರಣಪತ್ರದಲ್ಲಿ ಉಳಿಯುತ್ತದೆ.

ಉದಯರವಿಯ ಮಗನೂ ನಿರುತ್ತರದ ಗೃಹಿಣಿಯೂ ಮಾಡಿದ್ದು ಬಹಳ ಸರಳವಾದ ಕೆಲಸ. ತಮ್ಮವರು ದಿನನಿತ್ಯ ಏನು ಮಾಡುತ್ತಿದ್ದರೋ, ಯಾವುದಕ್ಕೆ ನಗುತ್ತಿದ್ದರೋ, ಯಾವುದಕ್ಕೆ ರೇಗುತ್ತಿದ್ದರೋ ಅದನ್ನು ಇದ್ದಂತೆ ಬರೆದಿಟ್ಟರು. ಅದಕ್ಕೆ ಸಾಹಿತಿಯೇ ಆಗಬೇಕೆಂದಿಲ್ಲ. ಒಂದು ನೋಟ್‌ಬುಕ್ ಸಾಕು. ಅಥವಾ ಊಟದ ಹೊತ್ತಿಗೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳಿದರೂ ಸಾಕು. ಅಟ್ಟದ ಮೇಲಿನ ಹಾರ್ಮೋನಿಯಂ ಕೆಳಗಿಳಿಸಿ, ಅದರ ಧೂಳು ಒರೆಸುತ್ತಾ ಆ ಮಾತು ಶುರುಮಾಡಬಹುದು.

ಫೋಟೋದ ಕೆಳಗಿನ ಒಂದು ಸಾಲು ಹೇಗಿದ್ದರೂ ಚಿಕ್ಕದೇ ಆಗಿರುತ್ತದೆ. ಅದಕ್ಕಾಗಿ ಕೊರಗಬೇಕಾದ್ದಿಲ್ಲ. ಉಳಿದದ್ದನ್ನು ಹೇಳುವವರು ಮನೆಯಲ್ಲಿ ಇದ್ದರೆ ಸಾಕು.